ಕಿವಿಗೊಟ್ಟು ಆಡುವ ಆಟ

ವಿಡಿಯೋ ಗೇಮ್ ಎಂದ ಕೂಡಲೇ ನಮ್ಮಲ್ಲಿ ಬಹುಮಂದಿ ತಾಯಂದಿರಿಗೆ ನೆನಪಾಗುವುದು ಮಕ್ಕಳ ಕಣ್ಣು. ಇಷ್ಟು ಹೊತ್ತು ಮೊಬೈಲು ನೋಡಿದರೆ ಕಣ್ಣು ಏನಾಗಬೇಡ ಎಂದು ಗದರಿಸದ ಮನೆ ಇರಲಾರದು. ಹೆಸರೂ ಹಾಗೆಯೇ ಇದೆ. 'ವಿಡಿಯೋ' ಎಂಬುದು ಲ್ಯಾಟಿನ್ ಭಾಷೆಯ ಮಾತು. 'ನಾನು ನೋಡುತ್ತೇನೆ' ಎಂದು ಅದರ ಅರ್ಥ. ನೋಡಲಾರದವರಿಗೆ ಇಲ್ಲಿ ಜಾಗವಿಲ್ಲ ಎಂದು ಬಾಗಿಲಲ್ಲೇ ಫಲಕ ತೂಗುಹಾಕಿದಂತಿದೆ ಈ ಹೆಸರು. ಆ ಬಾಗಿಲನ್ನು ತೆರೆಯಲು ಹೊರಟ ಕೆಲವು ಆಟಗಳನ್ನು ಕುರಿತು ಈ ಬರಹ. ಇವು ಕಿವಿಯಿಂದ ಆಡುವ ಆಟಗಳು. ಕಣ್ಣು ಕಾಣದವರೂ ಕಣ್ಣುಳ್ಳವರೂ ಒಂದೇ ಆಟವನ್ನು ಆಡಬೇಕು ಎಂಬ ಆಸೆಯಿಂದ ಹುಟ್ಟಿದವು. ಆ ಆಸೆ ಎಷ್ಟರಮಟ್ಟಿಗೆ ಕೈಗೂಡಿದೆ, ಎಲ್ಲಿ ಎಡವಿದೆ ಎಂದು ವಿಚಾರಿಸುವುದಷ್ಟೇ ನನ್ನ ಉದ್ದೇಶ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಅಂಗವೈಕಲ್ಯ ಇರುವವರಿಗಾಗಿ ಯಾರಾದರೂ ಏನಾದರೂ ಮಾಡಿದರೆ ಅದನ್ನು ವಿಮರ್ಶಿಸಲು ನಾವು ಹಿಂಜರಿಯುತ್ತೇವೆ. ಪಾಪ, ಅಷ್ಟಾದರೂ ಮಾಡಿದ್ದಾರಲ್ಲ ಎಂದು ಕೈಮುಗಿದು ಸುಮ್ಮನಾಗುತ್ತೇವೆ. ಹೆಂಗಸರು ಬರೆದದ್ದನ್ನು ಒಂದು ಕಾಲದಲ್ಲಿ ಹೀಗೆಯೇ ಓದುತ್ತಿದ್ದರು. ಮನೆಗೆಲಸದ ನಡುವೆ ಇಷ್ಟು ಬರೆದಿದ್ದಾರಲ್ಲ ಎಂಬ ಮೆಚ್ಚುಗೆಯಲ್ಲಿ ಎಷ್ಟು ಅಪಮಾನ ಅಡಗಿತ್ತೆಂದು ಬರೆದವರಿಗೆ ಗೊತ್ತು. ಕನಿಕರದಿಂದ ಕೊಟ್ಟ ಅಂಕವನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಈ ಆಟಗಳನ್ನು ಆಟಗಳೆಂದೇ ತಿಳಿದು ತೂಗಬೇಕು. ತೂಗಲು ನಾನು ಹಿಡಿದಿರುವ ಕಲ್ಲು ಒಂದೇ: ಆಡುವವರಿಗೆ ಇಲ್ಲಿ ಸೋಲುವ ಅವಕಾಶ ಉಂಟೇ?

ಪ್ರಶ್ನೆ ವಿಚಿತ್ರವಾಗಿ ಕೇಳಿಸಬಹುದು. ಆದರೆ ಕಾಯಿ ಕಡಿಸಿಕೊಳ್ಳುವ ಭಯವೇ ಇಲ್ಲದಿದ್ದರೆ ಚೌಕಾಬಾರದಲ್ಲಿ ಕವಡೆ ಎಸೆಯುವ ಹುರುಪು ಎಲ್ಲಿಂದ ಬರಬೇಕು? ತನ್ನ ತಪ್ಪಿಗೆ ತಾನೇ ಸೋತು, ಮತ್ತೆ ಕೂತು, ಮುಂದಿನ ಸಲ ಗೆಲ್ಲುವುದರಲ್ಲಿಯೇ ಆಟದ ಸುಖವಿದೆ. ಕಣ್ಣು ಕಾಣದವರಿಗೆ ಬಾಳಿನಲ್ಲಿ ಬಹಳ ಸಲ ಸಿಗದೆ ಹೋಗುವುದೂ ಇದೇ. ಬೀಳುತ್ತೀಯ, ಅಲ್ಲೇ ಕೂತಿರು ಎನ್ನುವವರು ಅವರ ಸುತ್ತ ಬೇಕಾದಷ್ಟು ಮಂದಿ. ಆಟವೂ ಹಾಗೆಯೇ ಕೈಹಿಡಿದು ಕೂರಿಸಿದರೆ ಅವರು ಆಟಕ್ಕೆ ಬಂದು ಪ್ರಯೋಜನವೇನು?

ಇತಿಹಾಸ ತಿಳಿಯಲು ಮೊದಲು ಜಪಾನಿಗೆ ಹೋಗೋಣ. ಅಲ್ಲಿ ಕೆಂಜಿ ಇನೊ ಎಂಬ ತರುಣರು 'ವಾರ್ಪ್' ಎಂಬ ಸಣ್ಣ ಕಂಪನಿ ಕಟ್ಟಿಕೊಂಡು ಆಟಗಳನ್ನು ಮಾಡುತ್ತಿದ್ದರು. 1996ರಲ್ಲಿ ಅವರ 'ಎನಿಮಿ ಜೀರೋ' ಬಂತು. ಅದರಲ್ಲಿ ಶತ್ರುಗಳು ಕಣ್ಣಿಗೆ ಕಾಣುವುದೇ ಇಲ್ಲ. ಕೇಳುವ ಸದ್ದಿನ ಏರಿಳಿತದಿಂದ ಅವು ಎಷ್ಟು ಹತ್ತಿರ ಬಂದಿವೆಯೆಂದು ಅಂದಾಜು ಮಾಡಬೇಕು. ತಮ್ಮ ಆಟಗಳನ್ನು ಕಣ್ಣು ಕಾಣದವರೂ ಆಡಲು ಹೆಣಗುತ್ತಿದ್ದಾರೆಂದು ಅವರ ಪತ್ರಗಳಿಂದ ಇನೊ ಅವರಿಗೆ ತಿಳಿಯಿತು. ಅವರು ಸುಮ್ಮನೆ ಉತ್ತರ ಬರೆದು ಮುಗಿಸಲಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ಮರುವರ್ಷ, ಅಂದರೆ 1997ರ ಜುಲೈನಲ್ಲಿ, ಸೆಗಾ ಸ್ಯಾಟರ್ನ್ ಎಂಬ ಯಂತ್ರಕ್ಕಾಗಿ ಒಂದು ಆಟ ಹೊರತಂದರು. ಹೆಸರು 'ರಿಯಲ್ ಸೌಂಡ್: ಕಾಜೆ ನೊ ರಿಗ್ರೆಟ್', ಗಾಳಿಯ ಪರಿತಾಪ ಎಂದು ಹೇಳಬಹುದೇನೋ. ಟೀವಿಗೆ ಜೋಡಿಸಿ ಆಡುವ ಆ ಆಟದಲ್ಲಿ ಟೀವಿಯ ಪರದೆ ಖಾಲಿ. ಚಿತ್ರವೆಂಬುದು ಒಂದೂ ಇಲ್ಲ. ಡಬ್ಬಿಯೊಳಗೆ ಬ್ರೈಲ್ ಲಿಪಿಯ ಸೂಚನೆಗಳನ್ನೂ ಇಟ್ಟಿದ್ದರು. ಆಟವನ್ನು ಸೆಗಾ ಯಂತ್ರಕ್ಕೇ ಕೊಡುವುದಾದರೆ ಕಂಪನಿಯು ಒಂದು ಸಾವಿರ ಯಂತ್ರಗಳನ್ನು ಅಂಧರಿಗೆ ದಾನವಾಗಿ ಕೊಡಬೇಕು, ತಾವು ಸಾವಿರ ಪ್ರತಿ ಆಟ ಕೊಡುತ್ತೇವೆ ಎಂದು ಇನೊ ಒಪ್ಪಂದ ಮಾಡಿಕೊಂಡಿದ್ದರು. 2013ರಲ್ಲಿ, 42ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಕತೆ ಬರೆದವರು ಯೂಜಿ ಸಕಾಮೊಟೊ. 2023ರ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕತೆಗಾಗಿ ಪ್ರಶಸ್ತಿ ಪಡೆದವರು ಇವರೇ. ಶಾಲೆಯಲ್ಲಿ ಓದುವ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ, ಓಡಿಹೋಗೋಣವೆಂದು ಮಾತಾಡಿಕೊಳ್ಳುತ್ತಾರೆ. ಹೇಳಿದ ಜಾಗಕ್ಕೆ ಹುಡುಗಿ ಬರುವುದಿಲ್ಲ. ವರ್ಷಗಳು ಉರುಳಿದ ಮೇಲೆ ಕತೆ ಮುಂದುವರಿಯುತ್ತದೆ. ಆಡುವವರು ಕೇಳುತ್ತ ಹೋಗಬೇಕು. ನಡುನಡುವೆ ಗಂಟೆಯ ದನಿಯಾಗುತ್ತದೆ. ಆಗ ಮುಂದೇನು ಎಂಬುದನ್ನು ಆರಿಸಿ ಗುಂಡಿ ಒತ್ತಬೇಕು. ಆರಿಸಿದ್ದಕ್ಕೆ ತಕ್ಕಂತೆ ಕತೆ ತಿರುಗುತ್ತದೆ.

ಈ ಆಟದಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ, ಅಂಧರನ್ನು ನೆನೆದು ಮಾಡಿದ್ದರೂ ಇದು ಅಂಧತೆಯ ಕತೆಯಲ್ಲ. ಕಣ್ಣಿಲ್ಲದವರಿಗೆ ಕಣ್ಣಿಲ್ಲದ ನಾಯಕನನ್ನೇ ಕೊಡಬೇಕೆಂಬ ಹಟ ಇಲ್ಲ. ಬಾರದೆ ಹೋದ ಹುಡುಗಿಯ ನೆನಪು ಯಾರಿಗಾದರೂ ಕಾಡುವಂಥದು. ಖಾಲಿ ಪರದೆಯ ಮುಂದೆ ಕೂತ ಇಬ್ಬರಲ್ಲಿ ಯಾರಿಗೆ ಕಣ್ಣಿದೆ ಯಾರಿಗಿಲ್ಲ ಎಂಬುದನ್ನು ಆಟ ಕೇಳುವುದೇ ಇಲ್ಲ. ಕೊರತೆಯೂ ಇದೆ. ಒಂದು ಗಂಟೆಗೂ ಇನ್ನೊಂದು ಗಂಟೆಗೂ ನಡುವೆ ಆಡುವವರಿಗೆ ಮಾಡಲು ಏನೂ ಕೆಲಸವಿಲ್ಲ. ಕವಲುಗಳಿರುವ ರೇಡಿಯೋ ನಾಟಕ ಇದು ಎಂದರೆ ತಪ್ಪಾಗಲಾರದು. ರೇಡಿಯೋ ನಾಟಕ ಕೇಳಿ ಬೆಳೆದ ನಮಗೆ ಅದರ ರುಚಿ ಗೊತ್ತು, ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಆಟವೆಂದ ಮೇಲೆ ಕಾಲೂರಿ ನಡೆಯಬೇಕು, ತಡಕಬೇಕು, ತಪ್ಪಬೇಕು. ಅದಕ್ಕೆ ಕತೆಯ ಜೊತೆ ಜಾಗವೂ ಬೇಕು. ಬರಿಯ ಸದ್ದಿನಿಂದ ಜಾಗವನ್ನು ಕಟ್ಟುವುದು ಹೇಗೆ?

ಕಷ್ಟವೆನಿಸಿದರೂ ಇದು ನಾವು ದಿನವೂ ಮಾಡುವ ಕೆಲಸ. ಒಗ್ಗರಣೆಯ ಸಾಸಿವೆ ಸಿಡಿಯುವುದು ನಿಂತಿತೆಂದು ಬೆನ್ನು ತಿರುಗಿಸಿ ನಿಂತವಳಿಗೂ ತಿಳಿಯುತ್ತದೆ. ನಡುಮನೆಯಲ್ಲಿ ಕೂತು ಕುಕ್ಕರಿನ ಸೀಟಿ ಎಣಿಸುತ್ತೇವೆ. ಬಿಂದಿಗೆ ತುಂಬುತ್ತ ಬಂದಂತೆ ನೀರಿನ ದನಿ ಏರುವುದನ್ನು ಕೇಳಿ ಎದ್ದು ಓಡುತ್ತೇವೆ. ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು ಮುಟ್ಟಿ, ಬಲಗಿವಿಗೆ ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ, ತುಸು ಮೆತ್ತಗಾಗಿ ತಲುಪುತ್ತದೆ. ಇಷ್ಟು ಸಣ್ಣ ಅಂತರವನ್ನು ಹಿಡಿದು ಮಿದುಳು ದಿಕ್ಕನ್ನು ಹೇಳುತ್ತದೆ. ಮುಂದೆ ಹಿಂದೆ, ಮೇಲೆ ಕೆಳಗೆ ಎಂಬುದನ್ನು ತಿಳಿಸುವುದು ಹೊರಗಿವಿಯ ಮಡಿಕೆಗಳು. ಬೇರೆ ಬೇರೆ ದಿಕ್ಕಿನ ಸದ್ದನ್ನು ಅವು ಬೇರೆ ಬೇರೆ ಬಗೆಯಲ್ಲಿ ತಿದ್ದಿ ಒಳಗೆ ಕಳಿಸುತ್ತವೆ. ಎರಡು ಕಿವಿಗಳಿಗೆ ಹೀಗೆ ಎರಡು ಬಗೆಯ ಸದ್ದನ್ನು ಲೆಕ್ಕ ಹಾಕಿ ಕೊಡುವ ವಿಧಾನಕ್ಕೆ 'ಬೈನಾರಲ್' ಎಂಬ ಹೆಸರಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ನಮ್ಮ ಸುತ್ತ ಒಂದು ಕಾಡನ್ನೋ ಸಂತೆಯನ್ನೋ ಎಬ್ಬಿಸಲು ಇದರಿಂದ ಸಾಧ್ಯವಾಗುತ್ತದೆ.

ಒಂದು ತೊಡಕು ಮಾತ್ರ ಉಳಿದೇ ಉಳಿಯುತ್ತದೆ. ನಿಜಬಾಳಿನಲ್ಲಿ ಸದ್ದು ಮುಂದಿನದೋ ಹಿಂದಿನದೋ ಎಂದು ಅನುಮಾನವಾದರೆ ತಲೆಯನ್ನು ಕೊಂಚ ತಿರುಗಿಸಿ ತಿಳಿದುಕೊಳ್ಳುತ್ತೇವೆ. ಸಾಮಾನ್ಯ ಇಯರ್‌ಫೋನಿನಲ್ಲಿ ತಲೆ ತಿರುಗಿಸಿದರೆ ಕಾಡೂ ಜೊತೆಗೇ ತಿರುಗುತ್ತದೆ. ಅಲ್ಲದೆ ಒಬ್ಬೊಬ್ಬರ ಕಿವಿಯ ಮಡಿಕೆ ಒಂದೊಂದು ಬಗೆ. ಈ ತೊಡಕನ್ನು ಯಾವ ಆಟ ಹೇಗೆ ಬಿಡಿಸಿಕೊಂಡಿತು ಎಂಬುದರಲ್ಲಿ ಮಾಡಿದವರ ಜಾಣತನ ಮಾತ್ರವಲ್ಲ, ಕಣ್ಣು ಕಾಣದವರ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ ಎಂಬುದೂ ಹೊರಬೀಳುತ್ತದೆ.

ಲಂಡನ್ನಿನ 'ಸಮ್‌ಥಿಂಗ್ ಎಲ್ಸ್' ಎಂಬ ಕಂಪನಿ 2010ರಲ್ಲಿ ಐಫೋನಿಗಾಗಿ 'ಪಾಪಾ ಸಾಂಗ್ರೆ' ಎಂಬ ಆಟ ಮಾಡಿತು. ಆಡುವವರು ಸತ್ತವರ ಲೋಕದ ಕಗ್ಗತ್ತಲೆಯಲ್ಲಿ ಇದ್ದಾರೆ. ಪರದೆಯ ಮೇಲೆ ಎಡ ಬಲ ಬೆರಳುಗಳನ್ನು ಒಂದಾದ ಮೇಲೊಂದು ಒತ್ತಿದರೆ ಎಡಗಾಲು ಬಲಗಾಲು ಇಟ್ಟಂತೆ. ಅವಸರಪಟ್ಟು ಒತ್ತಿದರೆ ಎಡವಿ ಬೀಳುತ್ತಾರೆ. ಅಲ್ಲಿ ಇಲ್ಲಿ ಮೃಗಗಳ ಉಸಿರು. ಕಲೆಗಾರಿಕೆಯ ದೃಷ್ಟಿಯಿಂದ ಈ ನಡಿಗೆ ಬಹಳ ಸೊಗಸಾದ ಕಲ್ಪನೆ. ಬೆರಳ ತುದಿಗೆ ಹೆಜ್ಜೆಯ ತೂಕ ತಂದಿದ್ದಾರೆ. ಸೋಲೂ ಇದೆ, ಅವಸರಕ್ಕೆ ತಕ್ಕ ದಂಡ ಕೂಡಲೇ ಬೀಳುತ್ತದೆ. ಆದರೆ ಆಟದ ರುಚಿಯೆಲ್ಲ ಭಯದಲ್ಲಿದೆ, ಭಯವೆಲ್ಲ ಕತ್ತಲೆಯಲ್ಲಿದೆ. ಈ ಕತ್ತಲೆ ಯಾರದು? ದೀಪ ಆರಿಹೋದಾಗ ಬೆಚ್ಚುವವರು ಕಣ್ಣುಳ್ಳವರು. ಹುಟ್ಟಿನಿಂದ ಕಾಣದವರಿಗೆ ಕತ್ತಲೆಯೆಂಬುದು ನಾವು ಹೇಳಿಕೊಟ್ಟ ಶಬ್ದ. ಅವರು ಬೆಳಗ್ಗೆ ಎದ್ದು ಹಲ್ಲುಜ್ಜುವುದು, ಬಸ್ಸು ಹಿಡಿಯುವುದು, ಕಚೇರಿಗೆ ಹೋಗುವುದು ನರಕದಲ್ಲಿ ಅಲ್ಲ. ಕಣ್ಣುಳ್ಳವರಿಗೆ ಅರ್ಧ ಗಂಟೆಯ ಮಟ್ಟಿಗೆ ರೋಮಾಂಚನ ಕೊಡಲು ಅವರ ದಿನನಿತ್ಯದ ಲೋಕಕ್ಕೆ ಸತ್ತವರ ನಾಡು ಎಂದು ಹೆಸರಿಟ್ಟಂತಾಯಿತು.

ಫ್ರಾನ್ಸಿನ ಲಿಯೋನ್ ನಗರದ 'ಡೊವಿನೊ' ಎಂಬ ಸಂಸ್ಥೆ 2015ರಲ್ಲಿ ಹೊರತಂದ 'ಎ ಬ್ಲೈಂಡ್ ಲೆಜೆಂಡ್' ಇನ್ನೊಂದು ದಾರಿ ಹಿಡಿಯಿತು. ಇದು ಸಾಧಾರಣ ಮೊಬೈಲಿನಲ್ಲೂ ಆಡಬಹುದಾದ ಆಟ. ನಾಯಕ ಎಡ್ವರ್ಡ್ ಬ್ಲೇಕ್ ಕಣ್ಣು ಕಳೆದುಕೊಂಡ ಕತ್ತಿವರಸೆಯ ವೀರ. ಅವನ ಹೆಂಡತಿಯನ್ನು ದುಷ್ಟ ರಾಜ ಅಪಹರಿಸಿದ್ದಾನೆ. ಅವಳನ್ನು ಬಿಡಿಸಲು ಹೊರಟವನಿಗೆ ದಾರಿ ತೋರಿಸುವವಳು ಪುಟ್ಟ ಮಗಳು ಲೂಯಿಸ್. ಅವಳು ಮುಂದೆ ಓಡಿ ನಿಂತು ಅಪ್ಪನನ್ನು ಕರೆಯುತ್ತಾಳೆ; ದನಿ ಬಂದ ಕಡೆ ಬೆರಳು ಜಾರಿಸಿ ನಡೆಯಬೇಕು. ಶತ್ರು ಎದುರಾದಾಗ ಕತ್ತಿಯೂ ಬೆರಳ ಬೀಸಿನಲ್ಲೇ.

ಬರಿಯ ಕೌಶಲದ ಮಾತಾಡುವುದಾದರೆ ಮಗಳ ದನಿಯನ್ನು ದೀಪಸ್ತಂಭ ಮಾಡಿಕೊಂಡದ್ದು ಒಳ್ಳೆಯ ಯೋಚನೆ. ಮುಂದೆ ಹಿಂದೆ ಎಂಬ ಅನುಮಾನವಿದ್ದಾಗ ಟಣಟಣ ಸದ್ದಿಗಿಂತ ಮನುಷ್ಯರ ದನಿ ಮೇಲು. ಅದು ಹತ್ತಿರ ಬಾ, ಅಲ್ಲೇ ನಿಲ್ಲು ಎಂದೂ ಹೇಳಬಲ್ಲದು, ಹೆದರಿಕೆಯನ್ನೂ ಪ್ರೀತಿಯನ್ನೂ ಹೊರಬಲ್ಲದು. ಆಡುತ್ತ ಆಡುತ್ತ ಆ ಹುಡುಗಿಯ ಮೇಲೆ ಅಕ್ಕರೆ ಹುಟ್ಟದೆ ಇರುವುದಿಲ್ಲ. ಆದರೂ ಹೆಣ್ಣಾದ ನನ್ನ ಮನಸ್ಸು ಅಲ್ಲಿಯೇ ಮುಳ್ಳು ಚುಚ್ಚಿಸಿಕೊಂಡಿತು. ಅಪ್ಪನ ಕಣ್ಣಾಗಿ, ಅಜ್ಜಿಯ ಕೋಲಾಗಿ, ಮನೆಯ ಎಲ್ಲರ ಕೈಯಾಗಿ ಬೆಳೆಯುವ ಹೆಣ್ಣುಮಕ್ಕಳನ್ನು ನಾವು ಬಲ್ಲೆವು. ಶಾಲೆ ಬಿಟ್ಟದ್ದು, ಆಟ ಬಿಟ್ಟದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಂಥ ಒಳ್ಳೆಯ ಮಗಳು ಎಂಬ ಒಂದು ಮಾತಿನಲ್ಲಿ ಎಲ್ಲ ತೀರಿಹೋಗುತ್ತದೆ. ಅಪ್ಪನ ಕತೆ ದಂತಕತೆ, ಮಗಳ ದುಡಿಮೆ ದಾರಿಯ ಗುರುತು. ಇನ್ನು ವೀರನ ಪಾಡೂ ಅಷ್ಟೇನೂ ಮೇಲಲ್ಲ. ಹತ್ತು ಮಂದಿಯನ್ನು ಕತ್ತಿಯಿಂದ ಉರುಳಿಸಬಲ್ಲವನು ಮಗು ಕರೆಯದೆ ಅಂಗಳ ದಾಟಲಾರ. ದಾರಿಯನ್ನು ಹುಡುಕುವ ಸುಖವೂ ತಪ್ಪಿ ನಡೆಯುವ ಅವಕಾಶವೂ ಅವನಿಗೆ ಬಹಳ ಕಡಿಮೆ. ಆ ಸಹಾಯ ಬೇಡವೆನ್ನಲು ಆಡುವವರಿಗೂ ಸಾಧ್ಯವಿಲ್ಲ.

ಈ ಎರಡು ಆಟಗಳ ಪಕ್ಕದಲ್ಲಿ ಕೆನಡಾದ 'ಫಾಲಿಂಗ್ ಸ್ಕ್ವಿರಲ್' ಎಂಬ ಸಣ್ಣ ಸಂಸ್ಥೆ 2021ರಲ್ಲಿ ತಂದ 'ದಿ ವೇಲ್: ಶ್ಯಾಡೋ ಆಫ್ ದಿ ಕ್ರೌನ್' ಆಟವನ್ನು ಇಟ್ಟು ನೋಡಬೇಕು. ಅಲ್ಲಿಯ ಅಂಧರ ಸಂಸ್ಥೆ ಸಿ.ಎನ್.ಐ.ಬಿ.ಯ ಸಲಹೆ ಪಡೆದು ಮಾಡಿದ ಆಟ ಇದು. ನಾಯಕಿ ಅಲೆಕ್ಸ್ ರಾಜಕುಮಾರಿ, ಹುಟ್ಟಿನಿಂದ ಕಣ್ಣು ಕಾಣದವಳು. ತಮ್ಮ ಪಟ್ಟಕ್ಕೇರುತ್ತಾನೆ, ಅಕ್ಕನನ್ನು ರಾಜ್ಯದ ಅಂಚಿನ ಒಂದು ಕೋಟೆಗೆ ಸಾಗಹಾಕುತ್ತಾರೆ. ದಾರಿಯಲ್ಲಿ ಪರಸೈನ್ಯ ಮೇಲೆ ಬಿದ್ದು ಜೊತೆಗಿದ್ದವರೆಲ್ಲ ಸಾಯುತ್ತಾರೆ. ಅಲ್ಲಿಂದ ಅವಳು ಐನೂರು ಮೈಲಿ ನಡೆದು ಮನೆ ಸೇರಬೇಕು. ಪರದೆಯ ಮೇಲೆ ತೇಲುವ ಬಣ್ಣದ ಕಣಗಳ ಹೊರತು ಬೇರೇನೂ ಕಾಣುವುದಿಲ್ಲ. ಊರೊಳಗೆ ಬಂದರೆ ಕಮ್ಮಾರನ ಸುತ್ತಿಗೆಯ ಪೆಟ್ಟು ಕೇಳಿ ಅವನ ಅಂಗಡಿಯನ್ನು ಹುಡುಕಬೇಕು. ಕಾಳಗದಲ್ಲಿ ಶತ್ರು ಎಡದಿಂದಲೋ ಎದುರಿನಿಂದಲೋ ಬಲದಿಂದಲೋ ಬರುತ್ತಾನೆ. ಅವನ ಹೆಜ್ಜೆ, ಉಸಿರು, ಆಯುಧ ಎತ್ತಿದ ಸದ್ದು ಹಿಡಿದು ಅತ್ತ ಗುರಾಣಿ ಒಡ್ಡಬೇಕು, ಸಮಯ ಕಂಡು ಕತ್ತಿ ಬೀಸಬೇಕು.

ಮುಂದೆ ಹಿಂದೆ ಎಂಬ ತೊಡಕನ್ನು ಇವರು ಬಿಡಿಸಿದ ರೀತಿ ಗಮನಿಸಿ. ಕಾಳಗದಲ್ಲಿ ಕಿವಿ ತಪ್ಪದೆ ಹೇಳಬಲ್ಲ ಎಡ, ನಡು, ಬಲ ಎಂಬ ಮೂರು ದಿಕ್ಕುಗಳ ಮೇಲೆಯೇ ಭಾರ ಹಾಕಿದರು. ಕಿವಿಯಿಂದ ಆಗದ್ದನ್ನು ಕೇಳಿ ಸೋಲಿಸುವುದು ಅನ್ಯಾಯ. ಆಗುವುದನ್ನು ಕೇಳಿ ಸೋಲಿಸುವುದು ಆಟ. ಗುರಾಣಿ ಎಡಕ್ಕಿದ್ದಾಗ ಪೆಟ್ಟು ಬಲದಿಂದ ಬಿದ್ದರೆ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅಲೆಕ್ಸಳ ಜೊತೆ ಒಬ್ಬ ಕುರುಬ ಇದ್ದಾನೆ, ಮಾತೂ ಆಡುತ್ತಾನೆ, ಆದರೆ ಅವಳ ಗುರಾಣಿಯನ್ನು ಅವನು ಹಿಡಿಯುವುದಿಲ್ಲ. ಕಣ್ಣುಳ್ಳವರು ಈ ಆಟಕ್ಕೆ ಬಂದರೆ ಅವರೇ ಹೊಸಬರು. ಸದ್ದನ್ನು ಹಿಡಿದು ದಿನವೆಲ್ಲ ಬದುಕಿದವರು ಅವರನ್ನು ಸುಲಭವಾಗಿ ಹಿಂದೆ ಹಾಕಬಲ್ಲರು. ಕತೆಯ ಹೆಣ್ಣಿಗೂ ಇದೇ ಗೌರವ ಸಂದಿದೆ. ಅವಳನ್ನು ಬಿಡಿಸಲು ಯಾರೂ ಬರುತ್ತಿಲ್ಲ. ಮನೆಗೆ ಹೋಗಬೇಕೆಂದು ಹೊರಟವಳು ಅವಳೇ. ಆಟ ಪೂರ್ಣವೆಂದು ಹೇಳಲಾರೆ. ಕಾಳಗಗಳು ಒಂದರಂತೆ ಒಂದಾಗಿ ಬೇಸರ ತರಿಸುತ್ತವೆ. ಕತೆಯ ದಾರಿ ಬಹುಮಟ್ಟಿಗೆ ಮೊದಲೇ ಹಾಕಿಟ್ಟದ್ದು. ಆದರೆ ಈ ದೂರನ್ನು ನಾನು ಬೇರಾವ ಆಟದ ಮೇಲೂ ಹೇಳಬಹುದಿತ್ತು. ಅಷ್ಟರಮಟ್ಟಿಗೆ ಅದು ಆಟಗಳ ಸಾಲಿನಲ್ಲಿ ತನ್ನ ಕಾಲ ಮೇಲೆ ನಿಂತಿದೆ.

ಇಲ್ಲಿಯವರೆಗೆ ಹೇಳಿದ್ದು ಸದ್ದಿನಿಂದಲೇ ಹುಟ್ಟಿದ ಆಟಗಳ ಮಾತು. ಕಣ್ಣುಳ್ಳವರಿಗೆಂದು ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರದ ಆಟಗಳಿಗೆ ಸದ್ದಿನ ಮೆಟ್ಟಿಲು ಕಟ್ಟುವುದು ಇನ್ನೊಂದು ಬಗೆ. ಅಮೆರಿಕದ 'ನಾಟಿ ಡಾಗ್' ಸಂಸ್ಥೆ 2020ರಲ್ಲಿ ಹೊರತಂದ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗದಲ್ಲಿ ಇಂಥ ಅನುಕೂಲಗಳು ಅರುವತ್ತಕ್ಕೂ ಹೆಚ್ಚು. ಪರದೆಯ ಅಕ್ಷರವನ್ನು ಯಂತ್ರ ಓದಿ ಹೇಳುತ್ತದೆ. ಒಂದು ಗುಂಡಿ ಒತ್ತಿದರೆ ಹೋಗಬೇಕಾದ ಕಡೆಗೆ ಮುಖ ತಿರುಗುತ್ತದೆ. ಹತ್ತಿರದ ವಸ್ತುವೋ ಶತ್ರುವೋ ಇದ್ದ ಕಡೆಯಿಂದ ಗುರುತಿನ ಸದ್ದು ಬರುತ್ತದೆ. ಯಾವ ಸದ್ದಿಗೆ ಯಾವ ಅರ್ಥ ಎಂದು ಕೇಳಿ ಕಲಿಯಲು ಸದ್ದಿನದೇ ಒಂದು ನಿಘಂಟು ಒಳಗಿದೆ. 'ದಿ ಗೇಮ್ ಅವಾರ್ಡ್ಸ್' ಎಂಬ ಸಮಾರಂಭದಲ್ಲಿ ಆ ವರ್ಷ ಹೊಸದಾಗಿ ಇಂಥ ಕೆಲಸಕ್ಕೆಂದೇ ಪ್ರಶಸ್ತಿ ಇಟ್ಟಾಗ ಅದು ಈ ಆಟಕ್ಕೇ ಬಂತು. 2023ರಲ್ಲಿ ಬಂದ 'ಫೋರ್ಜಾ ಮೋಟರ್‌ಸ್ಪೋರ್ಟ್' ಎಂಬ ಕಾರ್ ಓಟದ ಆಟದಲ್ಲಿ ತಿರುವು ಬರುವುದನ್ನೂ ರಸ್ತೆಯ ಅಂಚನ್ನೂ ಸದ್ದೇ ತಿಳಿಸುತ್ತದೆ. ಅದಕ್ಕೆ ಸಲಹೆಗಾರರಾಗಿ ದುಡಿದ ಬ್ರಾಂಡನ್ ಕೋಲ್ ಸ್ವತಃ ಅಂಧರು, ಆಟದ ಪಟ್ಟು ಬಲ್ಲವರು, 2024ರಲ್ಲಿ ತೀರಿಕೊಂಡರು.

ಗುಂಡಿ ಒತ್ತಿದರೆ ದಾರಿ ಸಿಗುವುದು ಲೂಯಿಸಳ ಕರೆಯಂತೆಯೇ ಅಲ್ಲವೇ, ಅಲ್ಲಿ ಒಪ್ಪದ್ದನ್ನು ಇಲ್ಲಿ ಏಕೆ ಒಪ್ಪಬೇಕು ಎಂದು ಕೇಳಬಹುದು. ವ್ಯತ್ಯಾಸವಿದೆ. ಇಲ್ಲಿ ಪ್ರತಿಯೊಂದು ಅನುಕೂಲವನ್ನೂ ಆಡುವವರೇ ಹಾಕಿಕೊಳ್ಳಬೇಕು, ಬೇಡವೆನಿಸಿದಾಗ ತೆಗೆಯಬಹುದು. ಅತ್ತೆಯ ಮನೆಯಲ್ಲಿ ಕೇಳದೆ ಬಡಿಸಿದ ಅನ್ನಕ್ಕೂ ಬೇಕಾದಷ್ಟು ತಾನೇ ಬಡಿಸಿಕೊಂಡ ಅನ್ನಕ್ಕೂ ಇರುವ ವ್ಯತ್ಯಾಸ ಅದು. ಜೊತೆಗೆ ಇನ್ನೊಂದು ಲಾಭವಿದೆ. ತರಗತಿಯ ಗೆಳೆಯರೆಲ್ಲ ಮಾತಾಡುವ ಆಟವನ್ನೇ ಕಣ್ಣು ಕಾಣದ ಹುಡುಗನೂ ಆಡಿ ಬಂದು ಅದರ ಬಗ್ಗೆ ಜಗಳವಾಡಬಹುದು. ಬೇರೆ ಪಂಕ್ತಿಯಲ್ಲಿ ಎಷ್ಟೇ ರುಚಿಯಾಗಿ ಬಡಿಸಿದರೂ ಈ ಸುಖ ಅದರಲ್ಲಿಲ್ಲ. ಹಾಗೆಂದು ಮೆಟ್ಟಿಲು ಕಟ್ಟಿದ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ. ಚಿತ್ರದಿಂದ ಕತೆ ಹೇಳುವ ಕಡೆಗಳಲ್ಲಿ ಅವರು ಹೊರಗೇ ಉಳಿಯುತ್ತಾರೆ. ಮಾಡಿದವರಿಗೂ ಇದು ಅರಿವಾಗಿರಬೇಕು. ಮೊದಲ ಭಾಗವನ್ನು 2022ರಲ್ಲಿ ಹೊಸದಾಗಿ ತಂದಾಗ ಆ ದೃಶ್ಯಗಳಿಗೆ ಮಾತಿನ ವಿವರಣೆಯನ್ನೂ ಸೇರಿಸಿದರು.

ಯಂತ್ರದ ಆಟಗಳಿಗಿಂತ ಬಹಳ ಹಿಂದೆಯೇ ಅಂಧರು ಈ ಪ್ರಶ್ನೆಗಳನ್ನೆಲ್ಲ ಮೈದಾನದಲ್ಲಿ ಬಿಡಿಸಿಕೊಂಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾರ್ಖಾನೆಯ ಅಂಧ ಕೆಲಸಗಾರರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅದನ್ನೇ ಚೆಂಡು ಮಾಡಿಕೊಂಡು ಕ್ರಿಕೆಟ್ ಆಡಿದರು. ಈಗ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡಿನೊಳಗೆ ಉಕ್ಕಿನ ಗುಂಡುಗಳಿರುತ್ತವೆ. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು, ಪಿಚ್ಚಿನ ಅರ್ಧಕ್ಕೆ ಮೊದಲೇ ಅದು ನೆಲ ಮುಟ್ಟಬೇಕು. ಸದ್ದು ಮಾಡುತ್ತ ಬರಲಿ ಎಂದು. ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ತಿ ಕಾಣದವರು ಇರಲೇಬೇಕು. ಉಳಿದವರಿಗೆ ಅಷ್ಟಿಷ್ಟು ದೃಷ್ಟಿ ಇರುತ್ತದೆ. ಪೂರ್ತಿ ಕಾಣದವರು ಹೊಡೆದ ರನ್ನಿಗೆ ಎರಡರಷ್ಟು ಲೆಕ್ಕ. ಒಮ್ಮೆ ನೆಲ ಮುಟ್ಟಿ ಎದ್ದ ಚೆಂಡನ್ನು ಅವರು ಹಿಡಿದರೂ ಅದು ಕ್ಯಾಚು. ಬೇರೆ ಬೇರೆ ದೃಷ್ಟಿಯವರು ಒಂದೇ ತಂಡದಲ್ಲಿ ಆಡಲು ನಿಯಮಗಳೇ ಬಾಗಿವೆ. ಆದರೆ ವಿಕೆಟ್ಟು ಬಿದ್ದರೆ ಬಿತ್ತು. ಕಣ್ಣಿಲ್ಲವೆಂದು ಇನ್ನೊಂದು ಚೆಂಡು ಕೊಡುವುದಿಲ್ಲ.

ಈ ಆಟದಲ್ಲಿ ನಮ್ಮ ನಾಡಿನ ಪಾಲು ಸಣ್ಣದಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ಪಿನ ಕೊನೆಯ ಪಂದ್ಯ ಪಾಕಿಸ್ತಾನದ ಎದುರು ನಡೆದಾಗ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ. 2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ನಡೆಯಿತು. ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ ಕಪ್ಪು ಎತ್ತಿದ ಭಾರತದ ಹುಡುಗಿಯರಿಗೆ ನಾಯಕಿಯಾಗಿದ್ದವರು ಕರ್ನಾಟಕದ ದೀಪಿಕಾ ಟಿ.ಸಿ. ಆ ಹುಡುಗಿಯರು ಯಾವ ಅಪ್ಪನಿಗೂ ದಾರಿ ತೋರಿಸಲು ಅಲ್ಲಿ ನಿಂತಿರಲಿಲ್ಲ. ತಮಗಾಗಿ ತಾವು ಓಡುತ್ತಿದ್ದರು.

ಮೈದಾನದಲ್ಲಿ ಹೀಗೆ ಮುಂದಿದ್ದವರು ಮೊಬೈಲಿನ ಆಟಕ್ಕೆ ಬಂದರೆ ಭಾಷೆಯ ಗೋಡೆ ಅಡ್ಡ ನಿಲ್ಲುತ್ತದೆ. ಚಿತ್ರದ ಆಟವನ್ನು ಒಂದಕ್ಷರ ಇಂಗ್ಲಿಷ್ ಬಾರದ ಮಗುವೂ ಆಡುತ್ತದೆ. ಚಿತ್ರವೇ ಎಲ್ಲ ಹೇಳುತ್ತದೆ. ಸದ್ದಿನ ಆಟದಲ್ಲಿ ಮಾತೇ ಮನೆ, ಮಾತೇ ದಾರಿ. ಲೂಯಿಸ್ ಕರೆಯುವುದು ಫ್ರೆಂಚಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಪರದೆಯ ಕೆಳಗೆ ಕನ್ನಡ ಅಕ್ಷರ ಓಡಿಸಿದರಾಯಿತಲ್ಲ ಎಂದರೆ ಅದು ಕಣ್ಣುಳ್ಳವರಿಗೆ ಮಾತ್ರ ಆಯಿತು. ಕಂಪ್ಯೂಟರಿನ ಅಕ್ಷರವನ್ನು ಓದಿ ಹೇಳುವ 'ಎನ್‌ವಿಡಿಎ' ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಕೈಹಾಕಿ 2006ರಿಂದ ಬೆಳೆಸಿದ್ದು. ಹಣ ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಆದರೆ ಯಂತ್ರ ಓದುವುದು ಬೇರೆ, ಮನುಷ್ಯರು ಅಭಿನಯಿಸುವುದು ಬೇರೆ. ಹೆದರಿದ ದನಿಗೂ ಅಣಕಿಸುವ ದನಿಗೂ ಇರುವ ವ್ಯತ್ಯಾಸ ಹಿಡಿದು ಆಡಬೇಕಾದಲ್ಲಿ ಸಮತಟ್ಟಾದ ಯಂತ್ರದ ದನಿ ಏನು ಮಾಡೀತು?

ಆದ್ದರಿಂದ ಇಂಥ ಆಟ ಕನ್ನಡಕ್ಕೆ ಬರಬೇಕಾದರೆ ಅನುವಾದ ಸಾಲದು, ಕಲಾವಿದರು ಬೇಕು. ಅದು ನಮ್ಮಲ್ಲಿ ಇಲ್ಲದ ಸಂಪತ್ತೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದು ಅದಕ್ಕೆ 'ಆಕಾಶವಾಣಿ' ಎಂದು ಹೆಸರು ಕೊಟ್ಟರು. ಬರಿಯ ದನಿಯಿಂದ ಅರಮನೆಯನ್ನೂ ಅಡುಗೆಮನೆಯನ್ನೂ ಕಟ್ಟಬಲ್ಲ ನಟನಟಿಯರು, ಒಂದು ಬಾಗಿಲ ಕಿರುಗುಟ್ಟುವಿಕೆಗೆ ಹತ್ತು ಉಪಾಯ ಬಲ್ಲ ಧ್ವನಿ ತಂತ್ರಜ್ಞರು ಆ ಪರಂಪರೆಯಲ್ಲಿ ತಯಾರಾದರು. ಇದಕ್ಕೆ ಸಾವಿರ ಮಂದಿ ಚಿತ್ರಕಾರರು ಬೇಡ. ಒಂದು ಒಳ್ಳೆಯ ಕತೆ, ನಾಲ್ಕು ನುರಿತ ದನಿ, ಲೆಕ್ಕ ಬಲ್ಲ ಇಂಜಿನಿಯರ್ ಹುಡುಗಿಯೊಬ್ಬಳು ಸೇರಿದರೆ ಮೊದಲ ಹೆಜ್ಜೆ ಇಡಬಹುದು. ಆದರೆ ಕಣ್ಣು ಕಾಣದವರು ಮೊದಲ ದಿನದಿಂದ ಅವರ ಜೊತೆಗಿರಬೇಕು. ಎಲ್ಲ ಮುಗಿದ ಮೇಲೆ ಹಾರ ಹಾಕಿ ಪರೀಕ್ಷೆಗೆ ಕೂರಿಸುವುದಲ್ಲ. ಎಲ್ಲಿ ಸದ್ದು ಹೆಚ್ಚಾಯಿತು, ಎಲ್ಲಿ ಮೌನ ಬೇಕಿತ್ತು, ಎಲ್ಲಿ ಸಹಾಯ ಅತಿಯಾಯಿತು ಎಂದು ಹೇಳಬಲ್ಲವರು ಅವರೇ.

ಅಂಧರ ಕ್ರಿಕೆಟ್ಟಿನಲ್ಲಿ ಚೆಂಡು ಕೈಬಿಡುವ ಮೊದಲು ಎಸೆಯುವವರು 'ರೆಡಿ?' ಎಂದು ಕೂಗಿ ಕೇಳಬೇಕು. ಬ್ಯಾಟು ಹಿಡಿದವರು 'ಯೆಸ್' ಎನ್ನಬೇಕು. ಆಮೇಲೆ 'ಪ್ಲೇ' ಎಂದು ಕೂಗಿ ಚೆಂಡು ಬಿಡಬೇಕು. ಆಟ ಮಾಡುವವರೆಲ್ಲ ಈ ಕ್ರಮವನ್ನು ಕಲಿಯಬೇಕು: ಮೊದಲು ಕೇಳುವುದು, ಉತ್ತರಕ್ಕೆ ಕಾಯುವುದು, ಆಮೇಲೆ ಚೆಂಡನ್ನು ಔಟ್ ಮಾಡುವ ಹಾಗೆಯೇ ಎಸೆಯುವುದು.